ಓಬಿಯ ಕೆಂಡದ ಡಿಪೋ

“ಕ್ಯೂ! ಕ್ಯೂ ನಿಂತ್ಕಳ್ರೋ! ನೂಕಾಡಿದ್ರೆ ಯಾರಿಗೂ ಕೆಂಡ ಇಲ್ಲ, ಈಗ್ಲೇ ಹೇಳ್ತೀನಿ!”

ಓಬಿ ಊದುಗೊಳವೆಯನ್ನು ದೊಣ್ಣೆಯಂತೆ ಎತ್ತಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಮುಂದೆ ಬೀದಿಯ ಮಕ್ಕಳೆಲ್ಲ ಒಂದೊಂದು ತೆಂಗಿನ ಚಿಪ್ಪು ಹಿಡಿದು ಸಾಲಾಗಿ ನಿಂತಿದ್ದರು. ಮಾಗಿಯ ಚಳಿಗೆ ಎಲ್ಲರ ಹಲ್ಲೂ ಕಟಕಟ ಎನ್ನುತ್ತಿದ್ದವು.

ಊರಿನಲ್ಲಿ ಬೆಂಕಿಪೊಟ್ಟಣ ಮಾಯವಾಗಿ ಬಹಳ ದಿನವಾಗಿತ್ತು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತಂತೆ. ಸೀಮೆಎಣ್ಣೆ ಯುದ್ಧಕ್ಕೆ ಹೋಯಿತು, ಬಟ್ಟೆ ಹೋಯಿತು, ಸಕ್ಕರೆಯೂ ಹೋಯಿತು. ಓಬಿಯ ಚಿಕ್ಕಪ್ಪ ಅಂಜನಪ್ಪ ಕೂಡ ಮಿಲಿಟರಿ ಸೇರಿ ಬರ್ಮಾ ಕಡೆ ಹೋಗಿದ್ದ. “ಚಿಕ್ಕಪ್ಪ ಹೋಗಿದ್ದು ಸರಿ ಸಾ, ಸಕ್ಕರೆ ಯಾಕೆ ಹೋಯ್ತು?” ಎಂದು ಓಬಿ ಶಾಲೆಯಲ್ಲಿ ಕೇಳಿದ್ದಳು. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಹದಿನಾರರ ಮಗ್ಗಿ ಬರೆಯಲು ಹೇಳಿದರು.

ಈ ಶನಿವಾರ ಮಗ್ಗಿಯ ಕಾಟವೂ ಇರಲಿಲ್ಲ. ಸರ್ಕಾರ ಊರವರಿಂದ ವಸೂಲಿ ಮಾಡಿದ ಲೆವಿ ರಾಗಿ ಶಾಲೆಗೆ ಬಂದು ಇಳಿದಿತ್ತು. ಮಕ್ಕಳು ಕೂರುವ ಜಾಗದಲ್ಲಿ ರಾಗಿ ಮೂಟೆಗಳು ಕೂತಿದ್ದವು. ಅವು ಗಲಾಟೆ ಮಾಡದೆ ಕೂರುತ್ತವೆ ಎಂದು ಅವನ್ನು ಕಾಯುವ ಮೇಷ್ಟ್ರಿಗೂ ಖುಷಿಯಾಗಿತ್ತು.

ಇಡೀ ಬೀದಿಗೆ ಈಗ ಬೆಂಕಿ ಸಿಗುತ್ತಿದ್ದುದು ಓಬಿಯ ಮನೆಯಲ್ಲಿ ಮಾತ್ರ. ಚಿಕ್ಕಪ್ಪ ಹೊರಟ ದಿನ ಅಜ್ಜಿ ಅವನಿಗೆ ಅಡಿಗೆ ಮಾಡಿ ಬಡಿಸಿದ್ದಳಲ್ಲ, ಅವತ್ತಿನ ಒಲೆಯ ಬೆಂಕಿಯನ್ನು ಅವಳು ಆರಲು ಬಿಟ್ಟೇ ಇರಲಿಲ್ಲ. ಪ್ರತಿದಿನ ಒಂದು ದಪ್ಪ ಬೆರಣಿಗೆ ಕೆಂಡ ತಾಗಿಸಿ, ಬೂದಿ ಮುಚ್ಚಿ ಕಾಪಾಡುತ್ತಿದ್ದಳು. “ನಮ್ಮ ಅಂಜನಪ್ಪ ಬರಾಗಂಟ ಈ ಒಲೆ ಆರಂಗಿಲ್ಲ” ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅದಕ್ಕೇ ಬೀದಿಯ ಹೆಂಗಸರು ಆ ಒಲೆಗೆ ಕೈಮುಗಿದೇ ಕೆಂಡ ಒಯ್ಯುತ್ತಿದ್ದರು.

ಕೈಮುಗಿಸಿಕೊಂಡ ಒಲೆ ಸುಮ್ಮನಿತ್ತು. ಜಂಬಕ್ಕೆ ತಲೆ ತಿರುಗಿದ್ದು ಓಬಿಗೆ.

ಹಿಂದಿನ ತಿಂಗಳು ಅವಳು ಅಜ್ಜಿಯ ಜೊತೆ ಐ.ಡಿ.ಹಳ್ಳಿಯ ರೇಷನ್ ಡಿಪೋಗೆ ಹೋಗಿದ್ದಳು. ಅಲ್ಲಿ ಕನ್ನಡಕ ಹಾಕಿಕೊಂಡ ಗುಮಾಸ್ತರೊಬ್ಬರು ಮೇಜಿನ ಹಿಂದೆ ಕೂತು, ಎಷ್ಟು ದೊಡ್ಡವರು ಬಂದರೂ “ಕ್ಯೂ!” ಅನ್ನುತ್ತಿದ್ದರು. ಆಮೇಲೆ “ಸ್ಟಾಕಿಲ್ಲ!” ಅನ್ನುತ್ತಿದ್ದರು. ಆ ಎರಡೇ ಮಾತಿಗೆ ಪಟೇಲರು ಕೂಡ ತಲೆ ತಗ್ಗಿಸಿ ವಾಪಸು ಹೋಗುವುದನ್ನು ಓಬಿ ಕಣ್ಣಾರೆ ನೋಡಿದಳು. ಮನೆಗೆ ಬಂದವಳೇ ಡಿಪೋ ತೆರೆದುಬಿಟ್ಟಳು.

ಅಜ್ಜಿ ಮನೆಯಲ್ಲಿದ್ದರೆ ಡಿಪೋ ಅಷ್ಟು ಜೋರಾಗಿ ನಡೆಯುತ್ತಿರಲಿಲ್ಲ. ಇವತ್ತು ಅಜ್ಜಿ ನಸುಕಿನಲ್ಲೇ ಸೀಮೆಎಣ್ಣೆಗೆಂದು ಐ.ಡಿ.ಹಳ್ಳಿಗೆ ನಡೆದಿದ್ದಳು. ಅಪ್ಪ ಅಮ್ಮ ರಾಗಿ ಕಣಕ್ಕೆ ಹೋಗಿದ್ದರು.

“ಮೊದಲ್ನೇ ಗಿರಾಕಿ, ಏನು ತಂದಿದೀಯ?”

“ಹುಣಸೆಬೀಜ.”

“ಹ್ಞೂಂ, ಸಣ್ಣ ಕೆಂಡ. ಮುಂದಿನೋರು?”

“ಬೆಲ್ಲ ತಂದಿವ್ನಿ ಓಬಕ್ಕ.”

ಬೆಲ್ಲ ಎಂದ ಕೂಡಲೇ ಓಬಿ ಒಂದು ದಪ್ಪ ಕೆಂಡವನ್ನು ಇಕ್ಕಳದಿಂದ ಎತ್ತಿ, ಊದಿ, ಹೊಳೆಯುವ ಹಾಗೆ ಮಾಡಿ ಚಿಪ್ಪಿಗೆ ಹಾಕಿದಳು. ಬೆಲ್ಲದ ಚೂರನ್ನು ಆಮೇಲೆ ತಿನ್ನೋಣವೆಂದು ಲಂಗದ ಅಂಚಿಗೆ ಗಂಟು ಹಾಕಿಕೊಂಡಳು. ಗುಮಾಸ್ತರಿಗೆ ಕೂಡ ಇಷ್ಟು ಸುಖ ಇರಲಿಕ್ಕಿಲ್ಲ ಅನಿಸಿತು.

ಸಾಲಿನ ಕೊನೆಯಲ್ಲಿ ಗಂಗಿ ನಿಂತಿದ್ದಳು. ಅವಳ ಪೂರ್ತಿ ಹೆಸರು ಗಂಗಲಕ್ಷ್ಮಮ್ಮ, ಆದರೆ ಅಷ್ಟುದ್ದ ಕರೆಯಲು ಯಾರಿಗೂ ಪುರಸೊತ್ತಿರಲಿಲ್ಲ. ಗಂಗಿಯ ಚಿಪ್ಪಿಗೆ ತಂತಿಯ ಹಿಡಿಯಿತ್ತು. ಅವಳ ಕೈಯಲ್ಲಿ ಹುಣಸೆಬೀಜವೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಅದು ದೊಡ್ಡ ತಪ್ಪಲ್ಲ. ದೊಡ್ಡ ತಪ್ಪೆಂದರೆ ನಿನ್ನೆ ಕುಂಟೆಬಿಲ್ಲೆ ಆಡುವಾಗ ಗಂಗಿ ಎಲ್ಲರ ಎದುರಿಗೆ, “ಓಬಿ ಗೆರೆ ತುಳಿದ್ಲು, ಔಟು!” ಎಂದು ಕೂಗಿದ್ದಳು.

“ಸ್ಟಾಕಿಲ್ಲ” ಎಂದಳು ಓಬಿ.

“ಕಾಣ್ತಾ ಐತಲ್ಲೇ, ಒಲೆ ತುಂಬಾ ಕೆಂಡ!”

“ಅದು ಬೇರೆ ಸ್ಟಾಕು.”

“ನಮ್ಮವ್ವ ಕೂಲಿಗೆ ಹೋಗ್ಬೇಕು ಕಣೇ. ತಮ್ಮಂಗೆ ಗಂಜಿ ಕಾಯಿಸ್ಬೇಕು.”

“ನಾಳೆ ಬಾ.”

ಗಂಗಿ ಒಲೆಯ ಕಡೆ ಒಮ್ಮೆ ನೋಡಿದಳು. ಖಾಲಿ ಚಿಪ್ಪನ್ನು ತೂಗಾಡಿಸುತ್ತಾ ಹೊರಟುಹೋದಳು. ಓಬಿಗೆ ಒಳಗೊಳಗೇ ಯಾಕೋ ಚುಳುಕ್ಕೆಂದಿತು. ಆದರೆ ಡಿಪೋ ನಡೆಸುವವರು ಅದನ್ನೆಲ್ಲ ನೋಡಿಕೊಂಡು ಕೂತರೆ ಆಗುತ್ತದೆಯೇ?

ಮಕ್ಕಳು ಹೋದ ಮೇಲೆ ಓಬಿಗೆ ಅಜ್ಜಿ ಹೇಳಿದ ಕೆಲಸ ನೆನಪಾಯಿತು. ಶನಿವಾರ ಅವರ ಮನೆದೇವರ ವಾರ. ಒಲೆ ಸಾರಿಸಿ ರಂಗೋಲಿ ಇಟ್ಟ ಮೇಲೆಯೇ ಅಡಿಗೆ. “ಕೆಂಡಾನೆಲ್ಲ ಓಡಿಗೆ ಎತ್ಕಂಡು, ಬೂದಿ ಮುಚ್ಚಿ ಮೂಲೆಗಿಡು. ಆಮ್ಯಾಕೆ ಒಲೆ ಸಾರಿಸು. ಕೆಂಡ ಜ್ವಾಪಾನ ಕಣವ್ವ” ಎಂದು ಅಜ್ಜಿ ಹೇಳಿ ಹೋಗಿದ್ದಳು.

ಓಬಿ ಹಾಗೆಯೇ ಮಾಡಿದಳು. ಉಳಿದ ಕೆಂಡವನ್ನೆಲ್ಲ ಒಡೆದ ಮಡಕೆಯ ಓಡಿಗೆ ಎತ್ತಿಟ್ಟಳು. ಅಷ್ಟರಲ್ಲಿ ಬೊಮ್ಮಪ್ಪ ಮಾವನ ಹೆಂಡತಿ ನರಸಮ್ಮ ಬಾಗಿಲಿಗೆ ಬಂದಳು.

“ಡಿಪೋ ಮುಚ್ಬುಟ್ಟಾ ಯಜಮಾನಿ? ತಡ ಆಯ್ತು ಕಣವ್ವ. ತಗಾ, ಹುರಿದ ಕಡ್ಲೆಕಾಯಿ.”

ಬೊಗಸೆ ತುಂಬ ಕಡ್ಲೆಕಾಯಿ! ಅದರ ಘಮಕ್ಕೆ ಓಬಿಯ ಕೈ ತಾನಾಗಿಯೇ ಓಡಿನ ಕಡೆ ಹೋಯಿತು. ಒಂದು ಕೆಂಡ ಹಾಕಿದಳು. ನರಸಮ್ಮ, “ಇನ್ನೊಂದು ಹಾಕೇ, ಚಳಿ” ಎಂದಳು. ಇನ್ನೊಂದು ಹಾಕಿದಳು. ನರಸಮ್ಮ ಸುಮ್ಮನೆ ನಕ್ಕಳು. ಆ ನಗುವಿಗೆ ಮತ್ತೊಂದು ಹೋಯಿತು. ಬೂದಿಯೊಳಗೆ ಇನ್ನೂ ಇವೆಯಲ್ಲ ಎಂದುಕೊಂಡು ಓಬಿ ಕಡ್ಲೆಕಾಯಿ ಸುಲಿಯಲು ಕೂತಳು.

ಆಮೇಲೆ ಸಗಣಿ ನೀರು ಕಲಸಿ ಒಲೆಯನ್ನು ಒಳಗೂ ಹೊರಗೂ ಬಳಿದಳು. ಒಣಗಿದ ಮೇಲೆ ಎಳೆ ಎಳೆಯಾಗಿ ರಂಗೋಲಿ ಇಟ್ಟಳು. ಹೂವಿನ ಪಕ್ಕ ಎಲೆ, ಎಲೆಯ ಪಕ್ಕ ಗಿಳಿ. ಗಿಳಿ ಸ್ವಲ್ಪ ಕೋಳಿಯಂತಾಯಿತು, ಪರವಾಗಿಲ್ಲ. ಬಿಸಿಲು ಅಂಗಳಕ್ಕೆ ಬಂದಾಗ ಕೆಂಡವನ್ನು ಒಲೆಗೆ ಇಳಿಸೋಣವೆಂದು ಓಡಿನ ಬೂದಿ ಕೆದಕಿದಳು.

ಕರೀ ಇದ್ದಿಲು.

ಇನ್ನೂ ಕೆದಕಿದಳು. ಮತ್ತೆ ಇದ್ದಿಲು. ಊದುಗೊಳವೆಯಿಂದ ಉಸಿರು ಕಟ್ಟುವಷ್ಟು ಊದಿದಳು. ಬೂದಿ ಹಾರಿ ಮುಖಕ್ಕೆಲ್ಲ ಮೆತ್ತಿಕೊಂಡಿತು, ಒಂದು ಕಿಡಿಯೂ ಕಾಣಲಿಲ್ಲ.

ಚಿಕ್ಕಪ್ಪ ಬರುವ ತನಕ ಆರಬಾರದ ಬೆಂಕಿ! ಅಜ್ಜಿ ಬಂದು ನೋಡಿದರೆ? ಚಿಕ್ಕಪ್ಪನಿಗೆ ಅಲ್ಲಿ ಏನಾದರೂ ಆಗಿಬಿಟ್ಟರೆ? ಬಂದ ಅಳುವನ್ನು ತಡೆದು ಓಬಿ ಯೋಚಿಸಿದಳು. ಇವತ್ತು ಬೀದಿಯ ಒಲೆಗಳಿಗೆಲ್ಲ ಹೋಗಿದ್ದು ಇದೇ ಬೆಂಕಿ ತಾನೇ? ಅದೇ ಬೆಂಕಿಯನ್ನು ವಾಪಸು ತಂದರೆ ಆರಿದಂತೆ ಹೇಗಾಗುತ್ತದೆ?

ಓಬಿ ಲಂಗ ಎತ್ತಿಕಟ್ಟಿ ಓಡಿದಳು.

ಮೊದಲನೇ ಮನೆಗೆ ಬೀಗ. ಎಲ್ಲರೂ ಕಣಕ್ಕೆ ಹೋಗಿದ್ದರು. ಎರಡನೇ ಮನೆಯಲ್ಲಿ ಸೌದೆ ಉಳಿಸಲು ಒಲೆಗೆ ನೀರು ಹಾಕಿಯಾಗಿತ್ತು. “ಸ್ಟಾಕಿಲ್ಲ ಕಣಮ್ಮ ಡಿಪೋದೋಳೇ!” ಎಂದು ಅಲ್ಲಿನ ಹುಡುಗ ಕುಣಿದ. ಮೂರನೇ ಮನೆಯಲ್ಲಿ ಬೆಕ್ಕು ಒಲೆಯೊಳಗೇ ಮಲಗಿ ನಿದ್ದೆ ಮಾಡುತ್ತಿತ್ತು. ಆ ಒಲೆ ಎಷ್ಟು ತಣ್ಣಗಿದೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

“ನರಸತ್ತೇ! ನರಸತ್ತೇ! ಕೆಂಡ ಐತಾ?”

ನರಸಮ್ಮ ಮುಸುರೆ ತಿಕ್ಕುತ್ತಿದ್ದಳು. “ಅಯ್ಯೋ, ಈಗ್ತಾನೆ ಆರಿಸ್ದೆ ಕಣೇ. ನಿಮ್ಮ ಮಾವ ಅದ್ರಾಗೆ ಚುಟ್ಟ ಹಚ್ಕಂಡು ತೋಟದ ಕಡೀಕೆ ಹೋದ. ಅವನ ಬಾಯಾಗೆ ಇನ್ನೂ ಇದ್ರೂ ಇರ್ಬೋದು, ಹೋಗಿ ನೋಡು.”

ಚುಟ್ಟದ ಬೆಂಕಿಯಾದರೂ ಬೆಂಕಿಯೇ! ಓಬಿ ತೋಟದ ದಾರಿ ಹಿಡಿದಳು. ಬೇಲಿ ಹಾರುವಾಗ ಮುಳ್ಳು ಲಂಗವನ್ನು ಹಿಡಿದೆಳೆಯಿತು. ಒಂದು ಎಮ್ಮೆ ದಾರಿಗೆ ಅಡ್ಡ ನಿಂತು, ಇವಳ ಬೂದಿ ಮುಖ ನೋಡಿ ತಾನೇ ಹೆದರಿ ಸರಿದುಕೊಂಡಿತು.

ಬಾವಿಯ ಬಳಿ ಬೊಮ್ಮಪ್ಪ ಎತ್ತುಗಳನ್ನು ಹೊಡೆಯುತ್ತಾ ಕಪಿಲೆಯಲ್ಲಿ ನೀರು ಎತ್ತುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದರೆ ಅವನೂ ಮುಂದೆ, ಹಿಂದೆ ಬಂದರೆ ಅವನೂ ಹಿಂದೆ. ಅವನ ಜೊತೆ ಮಾತಾಡಬೇಕಾದರೆ ಓಬಿಯೂ ಹಾಗೆಯೇ ಓಡಾಡಬೇಕಾಯಿತು.

“ಮಾವ! ಚುಟ್ಟ ಎಲ್ಲಿ?”

“ಯಾಕವ್ವ, ನೀನೂ ಶುರು ಮಾಡ್ಕಂಡ್ಯಾ?”

“ಅಯ್ಯೋ, ಬೆಂಕಿ ಬೇಕು ಮಾವ! ಆರೋಯ್ತಾ?”

“ಇದೋ ನೋಡು.” ಅವನು ಕಿವಿಯ ಹಿಂದಿನಿಂದ ಆರಿಹೋದ ಚುಟ್ಟದ ತುಂಡು ತೆಗೆದು ತೋರಿಸಿದ. ಓಬಿಯ ಮುಖ ನೋಡಿ ಅವನಿಗೆ ಕನಿಕರ ಹುಟ್ಟಿತು. ಎತ್ತು ನಿಲ್ಲಿಸಿ, ಸುತ್ತ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದ. “ನಾನು ಬರೋವಾಗ ನಿಮ್ಮ ಮೇಷ್ಟ್ರು ಇದ್ರಾಗೆ ಬೀಡಿ ಹಚ್ಕಂಡ್ರು. ಬೆಂಕಿಕಡ್ಡಿ ಇಲ್ಲ ಅಂತ ಅವರು ಒಂದು ಆರೋಕೆ ಮುಂಚೆ ಇನ್ನೊಂದು ಹಚ್ತಾರೆ. ನಾನು ಹೇಳ್ದೆ ಅನ್ಬ್ಯಾಡ ಮತ್ತೆ!”

ನಾಗಲಿಂಗಯ್ಯ ಮೇಷ್ಟ್ರು ಬೀಡಿಯೇ? ಬೀಡಿ ಸೇದುವವರ ಎದೆ ಕರ್ರಗಾಗುತ್ತದೆ ಎಂದು ಅವರೇ ಅಲ್ಲವೇ ಪಾಠ ಹೇಳಿದ್ದು! ಬೇರೆ ದಿನವಾಗಿದ್ದರೆ ಓಬಿ ಈ ಸುದ್ದಿಯನ್ನು ಊರಿಗೆಲ್ಲ ಹಂಚಿಬರುತ್ತಿದ್ದಳು. ಈಗ ಮಾತ್ರ, ‘ದೇವರೇ, ಮೇಷ್ಟ್ರು ಇನ್ನೂ ಸೇದುತ್ತಿರಲಿ’ ಎಂದು ಬೇಡಿಕೊಳ್ಳುತ್ತಾ ಶಾಲೆಗೆ ಓಡಿದಳು.

ಶಾಲೆಯ ಒಳಗೆ ರಾಗಿ ಮೂಟೆಗಳ ಹಿಂದಿನಿಂದ ಹೊಗೆ ಏಳುತ್ತಿತ್ತು. ಓಬಿಗೆ ಹೋದ ಜೀವ ಬಂದಂತಾಯಿತು.

“ಸಾ!” ಎಂದು ಕಿರುಚಿದಳು.

ಮೇಷ್ಟ್ರು ಬೆಚ್ಚಿಬಿದ್ದರು. ಬೀಡಿಯನ್ನು ನೆಲಕ್ಕೆ ಹಾಕಿ, ಕಾಲಿನಿಂದ ಹೊಸಕಿ, ಮೇಲೆ ನಿಂತುಬಿಟ್ಟರು. “ಏನಮ್ಮಾ ಓಬಕ್ಕ?” ಎಂದರು. ಬಾಯಿ ತೆರೆದ ಕೂಡಲೇ ಮಾತಿನ ಜೊತೆ ಹೊಗೆಯೂ ಬಂತು.

“ಅಯ್ಯಯ್ಯೋ! ಆರಿಸ್ಬುಟ್ರಾ ಸಾ!” ಓಬಿ ಗೊಳೋ ಎಂದು ಅತ್ತುಬಿಟ್ಟಳು.

ತಾವು ಬೀಡಿ ಸೇದಿದ್ದಕ್ಕೆ ಬೈಯುವವರನ್ನು ಮೇಷ್ಟ್ರು ನೋಡಿದ್ದರು. ಆರಿಸಿದ್ದಕ್ಕೆ ಅಳುವ ಮಗುವನ್ನು ಇದೇ ಮೊದಲ ಸಲ ನೋಡುತ್ತಿದ್ದರು. “ಅಳಬೇಡಮ್ಮಾ, ಇನ್ಮೇಲೆ ಸೇದಲ್ಲ… ಅಲ್ಲಲ್ಲ, ಸೇದ್ತೀನಿ… ಏನು ಬೇಕು ನಿನಗೆ, ಅದನ್ನಾದರೂ ಹೇಳು!”

ಓಬಿ ಬಿಕ್ಕುತ್ತಾ ಎಲ್ಲ ಹೇಳಿದಳು. ಮೇಷ್ಟ್ರು ಕಾಲು ಎತ್ತಿ ನೋಡಿದರು. ಬೀಡಿ ಅಪ್ಪಚ್ಚಿಯಾಗಿತ್ತು.

“ಇದು ಮುಗೀತು. ಆದರೆ ಬೆಳಿಗ್ಗೆ ಗಂಗಲಕ್ಷ್ಮಮ್ಮ ಬಂದಿದ್ದಳು. ನನ್ನ ಬೀಡಿಯಿಂದಲೇ ತೆಂಗಿನ ನಾರು ಹೊತ್ತಿಸಿಕೊಂಡು, ಗಾಳಿಗೆ ಬೀಸಿಕೊಂಡು ಮನೆಗೆ ಓಡಿದಳು. ಅವಳನ್ನು ಕೇಳು.” ಆಮೇಲೆ ಮೆಲ್ಲಗೆ ಸೇರಿಸಿದರು. “ಬೀಡಿ ವಿಷಯ ಅವಳೂ ಯಾರಿಗೂ ಹೇಳಲ್ಲ ಅಂದಿದ್ದಾಳೆ.”

ಗಂಗಿ! ಇಡೀ ಊರಿನಲ್ಲಿ ಉಳಿದ ಬೆಂಕಿ ಹೋಗಿ ಹೋಗಿ ಗಂಗಿಯ ಮನೆ ಸೇರಿಕೊಂಡಿತ್ತು. ಬೇರೆ ಯಾರ ಮನೆಗಾದರೂ ಹೋಗಬಾರದಿತ್ತೇ ಎಂದುಕೊಂಡಳು ಓಬಿ. ಬಿಸಿಲು ಏರುತ್ತಿತ್ತು. ಅಜ್ಜಿ ಈಗ ಕೆರೆ ಏರಿಯ ಮೇಲೆ ಬರುತ್ತಿರಬಹುದು. ಓಬಿಯ ಕಾಲು ಈ ಸಲ ಓಡಲಿಲ್ಲ, ನಡೆಯಿತು.

ಗಂಗಿ ಗುಡಿಸಲ ಮುಂದೆ ಕೂತು ತಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಕೋಳಿ ಕಾಳು ಹೆಕ್ಕುತ್ತಿತ್ತು.

“ಗಂಗೀ…”

“ಏನು?”

“ಒಂದು ಕೆಂಡ…”

ಗಂಗಿ ಅವಳ ಬೂದಿ ಮುಖವನ್ನೂ, ಹರಿದ ಲಂಗವನ್ನೂ ನೋಡಿದಳು. ಚಮಚ ಕೆಳಗಿಟ್ಟಳು. “ಕ್ಯೂ ನಿಂತ್ಕ.”

ಓಬಿ ಹಿಂದೆ ಮುಂದೆ ನೋಡಿದಳು. “ಯಾರೂ ಇಲ್ವಲ್ಲೇ?”

“ಕೋಳಿ ಐತೆ. ನಿನ್ಗಿಂತ ಮೊದ್ಲು ಬಂದೈತೆ. ಅದ್ರ ಹಿಂದೆ ನಿಂತ್ಕ.”

ಬೇರೆ ದಾರಿ ಇರಲಿಲ್ಲ. ಓಬಿ ಹೋಗಿ ಕೋಳಿಯ ಹಿಂದೆ ನಿಂತಳು. ಕೋಳಿಗೆ ಕ್ಯೂ ಗೊತ್ತಿರಲಿಲ್ಲ. ಅದು ಒರಳುಕಲ್ಲಿನ ಸುತ್ತ ಹೊರಟಿತು. ಓಬಿಯೂ ಹೊರಟಳು. ಕೋಳಿ ಗಾಬರಿಯಾಗಿ ಓಡಿತು, ಓಬಿಯೂ ಓಡಿದಳು. ಗಂಗಿಯ ತಮ್ಮ ಬಾಯಲ್ಲಿದ್ದ ಗಂಜಿಯನ್ನು ಫುರ್ ಎಂದು ಉಗುಳಿ ಕೇಕೆ ಹಾಕಿ ನಕ್ಕ. ಗಂಗಿ ತುಟಿ ಕಚ್ಚಿ ಗಂಭೀರವಾಗಿರಲು ನೋಡಿದಳು. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ಓಬಿಗೂ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

“ಇವನಿಗೆ ಇಷ್ಟೊತ್ತಿಗಾ ಗಂಜಿ?” ಎಂದಳು ಓಬಿ, ಕಣ್ಣೊರೆಸಿಕೊಳ್ಳುತ್ತಾ.

“ಬೆಂಕಿ ಸಿಗೋದು ತಡ ಆಯ್ತಲ್ಲ. ಅತ್ತೂ ಅತ್ತೂ ಮಲಗ್ಬುಟ್ಟಿದ್ದ. ಈಗ ಎದ್ದವ್ನೆ.”

ಗಂಗಿ ಬೈಯಲಿಲ್ಲ. ಬೈದಿದ್ದರೆ ಓಬಿಗೆ ಇಷ್ಟು ನೋವಾಗುತ್ತಿರಲಿಲ್ಲ. ಅವಳು ಲಂಗದ ಅಂಚಿನ ಗಂಟು ಬಿಚ್ಚಿ, ಬೆಲ್ಲದ ಚೂರನ್ನು ಹುಡುಗನ ಬಾಯಿಗೆ ಇಟ್ಟಳು.

“ನಿನ್ನೆ ನಾನು ಗೆರೆ ತುಳಿದಿದ್ದೆ ಕಣೇ” ಎಂದಳು.

“ಗೊತ್ತು.”

“ಒಂಚೂರು.”

“ಪೂರ್ತಿ!”

“ಸರಿ, ಪೂರ್ತಿ.”

ಗಂಗಿ ಒಳಗೆ ಹೋಗಿ ಒಲೆಯ ಬೂದಿ ಸರಿಸಿದಳು. ಅಡಿಯಲ್ಲಿ ಕೆಂಪಗೆ ಕೆಂಡ ಮಲಗಿತ್ತು. “ಸಂಜೇಗೂ ನೀನು ಸ್ಟಾಕಿಲ್ಲ ಅಂದ್ರೆ ಏನ್ಮಾಡೋದು ಅಂತ ಮುಚ್ಚಿಟ್ಟಿದ್ದೆ” ಎಂದು, ತಂತಿ ಹಿಡಿಯ ಚಿಪ್ಪಿಗೆ ಅದನ್ನು ಹಾಕಿದಳು. ತಮ್ಮನನ್ನು ಸೊಂಟಕ್ಕೇರಿಸಿಕೊಂಡಳು. “ಗಾಳಿ ಜೋರೈತೆ. ನಾನೂ ಬತ್ತೀನಿ ನಡಿ.”

ಓಬಿ ಚಿಪ್ಪು ಹಿಡಿದು ಓಡಿದಳು. ಗಂಗಿ ಪಕ್ಕದಲ್ಲೇ ಗಾಳಿಗೆ ಕೈ ಅಡ್ಡ ಹಿಡಿದು ಓಡಿದಳು. ಸೊಂಟದ ಮೇಲಿನ ತಮ್ಮ ಇದು ತನಗಾಗಿಯೇ ನಡೆಸುತ್ತಿರುವ ಆಟವೆಂದುಕೊಂಡು ‘ಹೋ ಹೋ’ ಎಂದು ಕೂಗುತ್ತಿದ್ದ. ಅಡಿಗೆಮನೆಗೆ ನುಗ್ಗಿದಾಗ ಕೋಳಿಯ ಹಾಗಿದ್ದ ರಂಗೋಲಿ ಗಿಳಿ ಯಾರ ಕಾಲಿಗೆ ಸಿಕ್ಕಿ ಅಳಿಸಿಹೋಯಿತೋ ಯಾರೂ ನೋಡಲಿಲ್ಲ. ಬೆರಣಿ ಮುರಿದರು, ಕೆಂಡ ಇಟ್ಟರು, ಸರದಿಯ ಮೇಲೆ ಊದಿದರು. ಹೊಗೆ ಬಂತು, ಕೆಮ್ಮು ಬಂತು, ಕೊನೆಗೆ ಭಗ್ಗೆಂದು ಉರಿ ಬಂತು.

ಅದೇ ಹೊತ್ತಿಗೆ ಅಜ್ಜಿ ಖಾಲಿ ಸೀಸೆ ಹಿಡಿದು ಒಳಗೆ ಬಂದಳು.

“ಅಷ್ಟು ದೂರ ನಡೆದಿದ್ದೇ ಬಂತು. ಸ್ಟಾಕಿಲ್ಲ ಅಂದ್ಬುಟ್ಟ ಕಣ್ರೇ!”

ಹುಡುಗಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಡೆಯಲಾರದ ನಗು ಉಕ್ಕಿ ಬಂತು. ಗಂಗಿ ತಮ್ಮನನ್ನು ಎತ್ತಿಕೊಂಡು ನಗುತ್ತಲೇ ಮನೆಗೆ ಓಡಿದಳು. ಚಿಪ್ಪು ಒಲೆಯ ಪಕ್ಕದಲ್ಲೇ ಉಳಿಯಿತು.

ಅಜ್ಜಿ ಕೂತು ಸುಧಾರಿಸಿಕೊಂಡಳು. ಒಲೆಯನ್ನು ನೋಡಿದಳು, ಓಬಿಯ ಮುಖವನ್ನು ನೋಡಿದಳು. ಆಮೇಲೆ ತಂತಿ ಹಿಡಿಯ ಚಿಪ್ಪನ್ನು ಎತ್ತಿಕೊಂಡಳು.

“ಇದು ಲಕ್ಕಮ್ಮನ ಮನೆ ಚಿಪ್ಪಲ್ವೇನೆ?”

ಲಕ್ಕಮ್ಮ ಎಂದರೆ ಗಂಗಿಯ ಅವ್ವ. ಓಬಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಆರೋಗಿತ್ತು ಅಜ್ಜಿ” ಎಂದಳು. “ಅದೇ ಬೆಂಕೀನೇ ವಾಪಸ್ ತಂದಿವ್ನಿ. ಚಿಕ್ಕಪ್ಪಂಗೆ ಏನೂ ಆಗಲ್ಲ ಅಲ್ವಾ?”

ಅಜ್ಜಿ ಚಿಪ್ಪನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು.

“ಹೋದ ಉತ್ತರೆ ಮಳೇಲಿ ಸೂರು ಸೋರಿ ಈ ಒಲೆ ಆರೋಗಿತ್ತು ಕಣವ್ವ. ನಾನು ಅಳ್ತಾ ಕೂತಿದ್ದೆ. ಆಗ್ಲೂ ಲಕ್ಕಮ್ಮ ಇದೇ ಚಿಪ್ಪಾಗೆ ಕೆಂಡ ತಂದ್ಲು. ಯಾರಿಗೂ ಹೇಳ್ಬ್ಯಾಡ ಅಂದೆ. ಇವತ್ತಿನವರೆಗೂ ಅವಳು ಬಾಯಿ ಬಿಟ್ಟಿಲ್ಲ.”

“ಆಗ ಚಿಕ್ಕಪ್ಪಂಗೆ ಏನೂ ಆಗ್ಲಿಲ್ವಾ?”

“ದಸರಾಕ್ಕೆ ಅವನ ಕಾಗದ ಬರ್ಲಿಲ್ವಾ? ಒಲೆ ಅವನ್ನ ಕಾಯಾಕಿಲ್ಲ ಕಣೇ. ಅವನು ಬರೋವರ್ಗೂ ನನ್ನ ಕೈಗೊಂದು ಕೆಲ್ಸ ಬೇಕಲ್ಲ.” ಅಜ್ಜಿ ಸೆರಗಿನಿಂದ ಓಬಿಯ ಮುಖದ ಬೂದಿ ಒರೆಸಿದಳು. ಒರೆಸಿದಷ್ಟೂ ಅದು ಇನ್ನೂ ಹರಡಿತು. “ಥೂ, ಯಾವ ಡಿಪೋದಾಗೆ ಬಿದ್ದೆದ್ದು ಬಂದೆ ನೀನು!”

ಮಾರನೆಯ ಬೆಳಿಗ್ಗೆ ಓಬಿಯ ಮನೆ ಮುಂದೆ ಎಂದಿನಂತೆ ಚಿಪ್ಪು ಹಿಡಿದ ಮಕ್ಕಳು ನೂಕಾಡುತ್ತಿದ್ದರು. “ಬೆಲ್ಲ ತಂದಿವ್ನಿ” ಎಂದ ಹುಡುಗನಿಗೆ “ನೀನೇ ತಿನ್ಕ” ಎಂದಳು ಓಬಿ. ಅವನು ಕೂಡಲೇ ತಿಂದುಬಿಟ್ಟ, ಮನಸ್ಸು ಬದಲಾದರೆ ಕಷ್ಟವೆಂದು.

ಗಂಗಿ ಇವತ್ತೂ ಕೊನೆಯಲ್ಲೇ ನಿಂತಿದ್ದಳು. ಓಬಿ ತಂತಿ ಹಿಡಿಯ ಚಿಪ್ಪನ್ನು ತಾನೇ ತಂದು, ಅದಕ್ಕೆ ಕೆಂಡ ಹಾಕಿ ಕೊಟ್ಟಳು. ಗಂಗಿ ಹೊರಟಾಗ ಕೂಗಿ ನಿಲ್ಲಿಸಿದಳು. ಒಳಗೆ ಹೋಗಿ, ಒಲೆಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದಳು.

“ಇದೊಂದನ್ನ ಬೂದೀಲಿ ಮುಚ್ಚಿಡೆ ಗಂಗಿ” ಎಂದಳು. “ನಮ್ಮನೇದು ಯಾವಾಗ ಆರ್ತೈತೋ ಏನೋ.”